ತಿಪ್ಪೆಯಿಂದ ತಂತಿಗೆ: ಸಗಣಿ ವಿದ್ಯುತ್ತಿನ ಚರಿತ್ರೆಯಲ್ಲಿ ಒಡೆತನದ ಪ್ರಶ್ನೆ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಗಂಡಸಿಯ ಸುತ್ತಣ ಗ್ರಾಮಗಳು ತಲೆಮಾರುಗಳಿಂದ ರಾಗಿ, ತೆಂಗು ಮತ್ತು ದನಕರುಗಳನ್ನು ನೆಚ್ಚಿ ಬದುಕಿದವು. ಪಶ್ಚಿಮಕ್ಕೆ ಬೇಲೂರಿನ ಮಲೆನಾಡು, ಪೂರ್ವಕ್ಕೆ ತಿಪಟೂರಿನ ಬಯಲು. ಇವೆರಡರ ನಡುವಿನ ಈ ಸೀಮೆಯಲ್ಲಿ ಮಳೆ ಹದವಾಗಿ ಬಂದ ವರ್ಷವೂ ಹೊಲದ ಇಳುವರಿಯನ್ನು ನಿರ್ಧರಿಸುತ್ತಿದ್ದುದು ಮನೆಯ ಹಿಂದಣ ತಿಪ್ಪೆಯ ಎತ್ತರ. ಹೊಯ್ಸಳರ ಕಾಲದ ವೀರಗಲ್ಲುಗಳಲ್ಲಿ ತುರುಗಾಳಗದ ಚಿತ್ರ ಮತ್ತೆ ಮತ್ತೆ ಬರುವ ಪ್ರದೇಶವಿದು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿದಾಗ, ಅದರ ಕಾವಲುಗಳು ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗಗಳ ಉದ್ದಕ್ಕೂ ಹಬ್ಬಿದ್ದವು. ತುರುಗಳಿಗಾಗಿ ಪ್ರಾಣ ಕೊಟ್ಟವರ ಬಗ್ಗೆ ಶಾಸನತಜ್ಞರು ವಿಪುಲವಾಗಿ ಬರೆದಿದ್ದಾರೆ. ಆ ತುರುಗಳ ಸಗಣಿ ಯಾರಿಗೆ ಸೇರುತ್ತಿತ್ತು ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಗಮನ ಸಂದಿಲ್ಲ. ಸಾವಯವ ವಸ್ತುವಿನಿಂದ ವಿದ್ಯುತ್ತನ್ನು ಪಡೆಯುವ ಆಧುನಿಕ ಪ್ರಯತ್ನಗಳ ಚರಿತ್ರೆಯನ್ನು ಈ ಪ್ರಶ್ನೆಯ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಸರ್ಕಾರಿ ವರದಿಗಳಲ್ಲಿಯೂ ತಾಂತ್ರಿಕ ಗ್ರಂಥಗಳಲ್ಲಿಯೂ ಈ ವಿಷಯ ‘ತ್ಯಾಜ್ಯದಿಂದ ವಿದ್ಯುತ್ತು’ ಎಂಬ ಶೀರ್ಷಿಕೆಯಡಿ ಬರುತ್ತದೆ. ತ್ಯಾಜ್ಯವೆಂದರೆ ಬಿಡತಕ್ಕದ್ದು, ಯಾರಿಗೂ ಬೇಡವಾದದ್ದು. ಹಳೆಯ ಮೈಸೂರು ಸೀಮೆಯ ಆಡುಮಾತನ್ನು ಗಮನಿಸಿದರೆ ಈ ಹೆಸರು ಸಗಣಿಗೆ ಸಲ್ಲುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಹಸು ಹಾಕಿದ ಕೂಡಲೇ ಅದು ಸಗಣಿ. ತಟ್ಟಿ ಒಣಗಿಸಿದರೆ ಬೆರಣಿ. ನೀರಿನಲ್ಲಿ ಕದಡಿದರೆ ಬಗ್ಗಡ. ಕೊಟ್ಟಿಗೆಯ ಕಸ, ಗಂಜಲ, ಒಲೆಯ ಬೂದಿಗಳೊಡನೆ ಕೂಡಿ ಮಾಗಿದರೆ ಗೊಬ್ಬರ. ಅದು ಮಾಗುವ ಎಡೆ ತಿಪ್ಪೆ. ಒಂದೊಂದು ಹೆಸರೂ ಒಂದೊಂದು ಉಪಯೋಗವನ್ನು ಹೇಳುತ್ತದೆ. ನೆಲ ಸಾರಿಸುವುದಕ್ಕೆ, ರಾಗಿ ಕಣವನ್ನು ಗಟ್ಟಿ ಮಾಡುವುದಕ್ಕೆ, ಬಿದಿರಿನ ಮೊರ ಕುಕ್ಕೆಗಳ ಸಂದು ಮುಚ್ಚುವುದಕ್ಕೆ, ವಿಭೂತಿ ಮಾಡುವುದಕ್ಕೆ ಸಗಣಿ ಬೇಕು. ಒಕ್ಕಿದ ರಾಶಿಯ ಮೇಲೆ ಗರಿಕೆ ಸಿಕ್ಕಿಸಿಕೊಂಡು ಕೂರುವ ಬೆನಕನೂ ಸಗಣಿಯವನೇ. ದೀಪಾವಳಿಯಂದು ಬಾಗಿಲು, ಕೊಟ್ಟಿಗೆಗಳಂತೆ ತಿಪ್ಪೆಗೂ ಒಂದು ದೀಪವಿಡುವ ರೂಢಿ ಅನೇಕ ಗ್ರಾಮಗಳಲ್ಲಿ ಉಂಟು.

ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುವ ಆಚರಣೆಯೂ ಈ ಭಾಗಕ್ಕೆ ಪರಿಚಿತವಾದದ್ದೇ. ‘ಬೇಡವಾದದ್ದು’ ಎಂದು ಸಾರಿ ಮೃತ್ಯುವಿನ ಕಣ್ಣು ತಪ್ಪಿಸುವ ಉಪಾಯವೆಂದು ವಿದ್ವಾಂಸರು ಸಾಮಾನ್ಯವಾಗಿ ಇದನ್ನು ವಿವರಿಸುತ್ತಾರೆ. ಆ ವಿವರಣೆ ತಪ್ಪೆನ್ನಲಾಗದು, ಆದರೆ ಅರ್ಧ ಮಾತ್ರ. ಸತ್ತದ್ದು, ಕೊಳೆತದ್ದು ಮತ್ತೆ ಅನ್ನವಾಗುವ ಸ್ಥಳ ತಿಪ್ಪೆ. ಕೂಸನ್ನು ಅಲ್ಲಿ ಮಲಗಿಸುವುದರಲ್ಲಿ ಆ ಶಕ್ತಿಯನ್ನು ಬೇಡುವ ಭಾವವೂ ಇದೆ.

ಪೂಜ್ಯವಾದದ್ದಕ್ಕೆ ಬೆಲೆ ಕಟ್ಟುತ್ತಿರಲಿಲ್ಲವೆಂದು ತಿಳಿಯಬಾರದು. ಸಗಣಿಯ ವ್ಯವಹಾರ ಬಹು ಹಳೆಯದು. ಬೆಳೆ ಕೊಯ್ದ ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸಿದರೆ ಕುರುಬರಿಗೆ ಹೊಲದವನು ಕಾಳನ್ನೋ ಹಣವನ್ನೋ ಕೊಡಬೇಕು. ಗೊಬ್ಬರವನ್ನು ಗಾಡಿಯ ಲೆಕ್ಕದಲ್ಲಿ ಮಾರುತ್ತಿದ್ದರು. ಒಂದು ಮನೆಯ ತಿಪ್ಪೆಗೆ ಇನ್ನೊಂದು ಮನೆಯವರು ಗುದ್ದಲಿ ಹಾಕಿದರೆ ಜಗಳ ಪಂಚಾಯಿತಿಯವರೆಗೂ ಹೋಗುತ್ತಿತ್ತು. ಆದರೆ ಹಾದಿಯಲ್ಲಿ, ಗೋಮಾಳದಲ್ಲಿ, ಕೆರೆಯಂಗಳದಲ್ಲಿ ಬಿದ್ದ ಸಗಣಿ ಎತ್ತಿದವರದು. ದನವಿಲ್ಲದ, ಹೊಲವಿಲ್ಲದ ಮನೆಯ ಹೆಂಗಸರು ಪುಟ್ಟಿ ಹಿಡಿದು ಮಂದೆಯ ಹಿಂದೆ ನಡೆದು ಕೂಡಿಸಿದ ಸಗಣಿ ಅವರ ಒಲೆಗೆ ಬೆರಣಿಯಾಗುತ್ತಿತ್ತು, ಕೆಲವೊಮ್ಮೆ ಮಾರಾಟಕ್ಕೂ ಒದಗುತ್ತಿತ್ತು. ಕೊಟ್ಟಿಗೆಯ ಸಗಣಿ ಖಾಸಗಿ, ಬಯಲಿನ ಸಗಣಿ ಸಾರ್ವಜನಿಕ ಎಂಬ ಈ ಎರಡು ಬಗೆಯ ಹಕ್ಕು ಎಲ್ಲಿಯೂ ಬರೆದಿಟ್ಟದ್ದಲ್ಲ, ಎಲ್ಲರಿಗೂ ತಿಳಿದದ್ದು. ಮುಂದೆ ಗೋಬರ್ ಗ್ಯಾಸ್ ಬಂದಾಗ ಮೊದಲು ಅಲುಗಿದ್ದು ಈ ತಿಳಿವಳಿಕೆಯೇ.

ಕೊಳೆಯುವ ವಸ್ತುವಿನಿಂದ ಹೊರಡುವ ಅನಿಲ ಉರಿಯುತ್ತದೆಂಬುದು ಯುರೋಪಿನ ವಿಜ್ಞಾನಿಗಳಿಗೆ ಹದಿನೆಂಟನೆಯ ಶತಮಾನದ ಕೊನೆಗೇ ತಿಳಿದಿತ್ತು. ಇಂಗ್ಲೆಂಡಿನ ಎಕ್ಸೆಟರ್ ನಗರದಲ್ಲಿ 1890ರ ದಶಕದಲ್ಲಿ ಚರಂಡಿ ಗುಂಡಿಯ ಅನಿಲದಿಂದ ದೀಪ ಹೊತ್ತಿಸಿದರು. ಮುಂಬಯಿಯ ಮಾತುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದ ಗುಂಡಿಯ ಅನಿಲವನ್ನು ಹಿಡಿದು ಬಳಸಿದ್ದು 1897ರಲ್ಲಿ. ಸಮಾಜ ದೂರವಿಟ್ಟ ಜನರ, ಸಮಾಜ ಮುಟ್ಟದ ವಸ್ತುವಿನಿಂದ ಭಾರತದ ಜೈವಿಕ ಅನಿಲದ ಚರಿತ್ರೆ ಆರಂಭವಾಯಿತೆಂಬುದನ್ನು ಮರೆಯುವಂತಿಲ್ಲ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1939ರ ಸುಮಾರಿಗೆ ಎಸ್. ವಿ. ದೇಸಾಯಿಯವರು ಸಗಣಿಯ ಮೇಲೆ ಪ್ರಯೋಗ ನಡೆಸಿದರು. 1950ರ ದಶಕದ ಆರಂಭದಲ್ಲಿ ಜಶಭಾಯಿ ಪಟೇಲರು ತೇಲುವ ಕಬ್ಬಿಣದ ಡ್ರಮ್ಮಿನ ‘ಗ್ರಾಮಲಕ್ಷ್ಮಿ’ ಮಾದರಿಯನ್ನು ರೂಪಿಸಿದರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 1960ರ ದಶಕದಲ್ಲಿ ಅದನ್ನು ಹಳ್ಳಿಗಳಿಗೆ ಒಯ್ದಿತು. ಕೇಂದ್ರ ಸರ್ಕಾರದ ರಾಷ್ಟ್ರೀಯ ಜೈವಿಕ ಅನಿಲ ಯೋಜನೆ ಆರಂಭವಾದದ್ದು 1981ರಲ್ಲಿ. ಡ್ರಮ್ಮಿಲ್ಲದ ಇಟ್ಟಿಗೆ ಗುಮ್ಮಟದ ‘ದೀನಬಂಧು’ ಮಾದರಿ ಬಂದದ್ದು 1984ರಲ್ಲಿ.

ಹೆಸರು ದೀನಬಂಧುವಾದರೂ ಅದು ದೀನರ ಮನೆಗೆ ಬರಲಿಲ್ಲ. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ಆರೇಳು ಜನರ ಮನೆಯ ಎರಡು ಹೊತ್ತಿನ ಅಡುಗೆಗೆ ಒಂದೂವರೆಯಿಂದ ಎರಡು ಘನ ಮೀಟರ್ ಅನಿಲ ಬೇಕಾಗುತ್ತದೆ. ಹೊರಗೆ ಮೇಯ್ದು ಬರುವ ನಾಟಿ ದನದಿಂದ ಕೊಟ್ಟಿಗೆಯಲ್ಲಿ ಸಿಕ್ಕುವ ಸಗಣಿ ದಿನಕ್ಕೆ ಹತ್ತು ಕಿಲೋಗೂ ಕಡಿಮೆ. ಅಂದರೆ ನಾಲ್ಕೈದು ದನ, ಗುಂಡಿ ತೋಡಲು ಹಿತ್ತಲು, ಕದಡಲು ನೀರು, ಸಹಾಯಧನ ಬರುವವರೆಗೆ ಕೈಯಿಂದ ಹಾಕಲು ಹಣ, ಇಷ್ಟೂ ಇದ್ದವರಿಗೆ ಮಾತ್ರ ಗೋಬರ್ ಗ್ಯಾಸ್. ಅಂಥ ಮನೆಗಳಲ್ಲಿ ಸ್ಥಾವರ ಬಂದ ಮೇಲೆ ಸಗಣಿಗೆ ಹೊಸ ಬೆಲೆ ಬಂತು. ದನಗಳನ್ನು ಹೆಚ್ಚು ಹೊತ್ತು ಕೊಟ್ಟಿಗೆಯಲ್ಲಿ ಕಟ್ಟುವುದು, ಹಾದಿಯಲ್ಲಿ ಬಿದ್ದದ್ದನ್ನೂ ಆಳಿನಿಂದ ಎತ್ತಿಸುವುದು ಆರಂಭವಾಯಿತು. ಮಂದೆಯ ಹಿಂದೆ ಪುಟ್ಟಿ ಹಿಡಿದು ನಡೆಯುತ್ತಿದ್ದವರ ಪಾಲು ಕರಗಿತು. ಜೈವಿಕ ಅನಿಲದ ಸಾಮಾಜಿಕ ಪರಿಣಾಮವನ್ನು ಕುರಿತು ಬರೆದ ಅರ್ಥಶಾಸ್ತ್ರಜ್ಞರು ಎಪ್ಪತ್ತರ ದಶಕದಿಂದಲೂ ಈ ಅಪಾಯವನ್ನು ಎತ್ತಿ ಹೇಳಿದ್ದರು. ಸ್ಥಾವರಗಳ ಸಂಖ್ಯೆಯನ್ನೇ ಸಾಧನೆಯೆಂದು ಎಣಿಸುತ್ತಿದ್ದ ಇಲಾಖೆಗಳಿಗೆ ಅದು ಕೇಳಿಸಿದಂತೆ ಕಾಣುವುದಿಲ್ಲ.

ಈ ಹಿನ್ನೆಲೆಯಲ್ಲಿ ಕರ್ನಾಟಕದ ಒಂದು ಪ್ರಯೋಗ ವಿಶೇಷ ಗಮನಕ್ಕೆ ಅರ್ಹವಾಗಿದೆ. ಗಂಡಸಿಯಿಂದ ಪೂರ್ವಕ್ಕೆ ತಿಪಟೂರು, ತುರುವೇಕೆರೆಗಳನ್ನು ದಾಟಿದರೆ ತುಮಕೂರು ಜಿಲ್ಲೆಯ ಕುಣಿಗಲ್ ಸೀಮೆ. ಅದೇ ರಾಗಿ, ಅದೇ ತೆಂಗು, ಹೆಚ್ಚು ಕಡಿಮೆ ಅದೇ ಆಡುಮಾತು. ಹಾಡಿನಿಂದಾಗಿ ಕುಣಿಗಲ್ ಕೆರೆ ನಾಡಿಗೆಲ್ಲ ಪರಿಚಿತ; ಅದೇ ತಾಲ್ಲೂಕಿನ ಪುರ ಎಂಬ ಸಣ್ಣ ಗ್ರಾಮ ಜಗತ್ತಿನ ಶಕ್ತಿತಜ್ಞರಿಗೆ ಪರಿಚಿತವಾದದ್ದು ಸಗಣಿಯಿಂದಾಗಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸತೀಶ್ ಧವನ್ ನಿರ್ದೇಶಕರಾಗಿದ್ದ 1974ರಲ್ಲಿ, ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಉದ್ದೇಶದಿಂದ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಅದರ ಮುಂಚೂಣಿಯಲ್ಲಿದ್ದವರು ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರು (1930–2006). ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಘಟಕದ ವಿಸ್ತರಣಾ ಕೇಂದ್ರ ನೆಲೆಗೊಂಡಿತು. 1977ರ ಸುಮಾರಿಗೆ ಪುರವೂ ಸೇರಿದಂತೆ ಅಲ್ಲಿನ ಕೆಲವು ಗ್ರಾಮಗಳಲ್ಲಿ ಶಕ್ತಿಯ ಬಳಕೆಯ ಸಮೀಕ್ಷೆ ನಡೆಯಿತು. ಯಾವ ಮನೆಯಲ್ಲಿ ಎಷ್ಟು ಸೌದೆ, ಅದನ್ನು ತರಲು ಯಾರು ಎಷ್ಟು ದೂರ ನಡೆಯುತ್ತಾರೆ, ನೀರಿಗೆ ಎಷ್ಟು ಹೊತ್ತು, ದನದ ಮತ್ತು ಮನುಷ್ಯರ ದುಡಿಮೆ ಎಷ್ಟು ಎಂದು ಲೆಕ್ಕ ಹಾಕಲಾಯಿತು. ಗ್ರಾಮದ ಶಕ್ತಿಯ ಸಿಂಹಪಾಲು ಅಡುಗೆ ಒಲೆಯ ಸೌದೆಯೆಂದೂ, ವಿದ್ಯುತ್ತಿನ ಪಾಲು ಅತ್ಯಲ್ಪವೆಂದೂ ತಿಳಿದುಬಂತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ ಎಂಬುದನ್ನು ನೆನೆದರೆ ಈ ಫಲಿತಾಂಶದ ಅರ್ಥ ಇನ್ನಷ್ಟು ತಿಳಿಯಾದೀತು.

ಅಡುಗೆಗೇ ಹೆಚ್ಚು ಶಕ್ತಿ ಬೇಕಾದ ಮೇಲೆ ಅಡುಗೆಗೇ ಅನಿಲ ಕೊಡಬೇಕೆಂಬುದು ಸಹಜ ತರ್ಕ. ಆ ತರ್ಕದಂತೆ ಪುರದಲ್ಲಿ ಮೊದಲು ಇಡೀ ಗ್ರಾಮಕ್ಕೊಂದು ಸಾಮುದಾಯಿಕ ಸ್ಥಾವರ ಕಟ್ಟಿ ಒಲೆಗಳಿಗೆ ಅನಿಲ ಹರಿಸುವ ಪ್ರಯತ್ನ ನಡೆಯಿತು, ಅದು ನಿಲ್ಲಲಿಲ್ಲ. ಎಲ್ಲ ಮನೆಗಳ ಎರಡೂ ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಅನಿಲ ಬರಲಿಲ್ಲ. ಅನಿಲ ಸಾಲದ ಮನೆಯಲ್ಲಿ ಸೌದೆ ಒಲೆ ಹೇಗೂ ಉರಿಯಲೇಬೇಕು. ಸೌದೆ ತರುವ ಕಷ್ಟ ಉಳಿದ ಮೇಲೆ ಸಗಣಿ ಹೊತ್ತು ಹಾಕುವ ಉತ್ಸಾಹ ಉಳಿಯುವುದು ಹೇಗೆ? ಇಲ್ಲಿ ಒಂದು ಸರಳ ಗಣಿತವಿದೆ. ಒಂದೂವರೆ ಘನ ಮೀಟರ್ ಅನಿಲ ಒಂದು ಮನೆಯ ಒಂದು ದಿನದ ಒಲೆಗೆ ಮುಗಿದುಹೋಗುತ್ತದೆ. ಅದನ್ನೇ ಸಣ್ಣ ಎಂಜಿನ್ನಿಗೆ ಹಾಯಿಸಿದರೆ ಹೆಚ್ಚು ಕಡಿಮೆ ಎರಡು ಯೂನಿಟ್ ವಿದ್ಯುತ್ತು ಸಿಕ್ಕುತ್ತದೆ. 20 ವ್ಯಾಟಿನ ಟ್ಯೂಬ್‌ಲೈಟನ್ನು ಸಂಜೆ ನಾಲ್ಕು ಗಂಟೆ ಉರಿಸುವುದಾದರೆ ಆ ವಿದ್ಯುತ್ತು ಇಪ್ಪತ್ತಕ್ಕೂ ಹೆಚ್ಚು ಮನೆಗಳಿಗೆ ಒಂದೊಂದು ದೀಪ. ಒಲೆಯಲ್ಲಿ ಒಬ್ಬರಿಗೆ ಸಾಲದ್ದು ದೀಪದಲ್ಲಿ ಒಂದು ಕೇರಿಗೆ ಸಾಲುತ್ತದೆ.

ಗ್ರಾಮಸ್ಥರಿಗೆ ಬೇಕಾದದ್ದು ಬೇರೆಯೇ ಇತ್ತು. ಅವರು ಮೊದಲು ಕೇಳಿದ್ದು ಕುಡಿಯುವ ನೀರನ್ನು. 1987ರ ಸೆಪ್ಟೆಂಬರಿನಲ್ಲಿ ಪುರದಲ್ಲಿ ಹೊಸ ವ್ಯವಸ್ಥೆ ಆರಂಭವಾಯಿತು. ಸಗಣಿಯಿಂದ ಅನಿಲ, ಅನಿಲ ಮತ್ತು ಸ್ವಲ್ಪ ಡೀಸೆಲ್ ಎರಡನ್ನೂ ಬಳಸುವ 5 ಕಿಲೋವ್ಯಾಟಿನ ಎಂಜಿನ್ನಿನಿಂದ ವಿದ್ಯುತ್ತು, ಆ ವಿದ್ಯುತ್ತಿನಿಂದ ಕೊಳವೆಬಾವಿಯ ಪಂಪು, ಬೀದಿಯ ನಲ್ಲಿಗಳು ಮತ್ತು ಮನೆಯ ದೀಪಗಳು. ಆಯೋಗದ ಮಾದರಿಯ ಸ್ಥಾವರವನ್ನು ಅಸ್ತ್ರದವರು ಆಳ ಕಡಿಮೆ, ಅಗಲ ಹೆಚ್ಚು ಮಾಡಿ ಖರ್ಚನ್ನು ಇಳಿಸಿದ್ದರು.

ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದದ್ದು ಯಂತ್ರಕ್ಕಿಂತ ಅದರ ಸುತ್ತಣ ಲೆಕ್ಕ. ಪ್ರತಿ ಮನೆಯವರು ತಂದ ಸಗಣಿಯನ್ನು ತೂಗಿ ಬರೆದುಕೊಂಡು ಕಿಲೋಗೆ 2 ಪೈಸೆಯಂತೆ ತಂದುಕೊಟ್ಟ ಕೂಲಿ ನೀಡಲಾಗುತ್ತಿತ್ತು. ಇದು ಸಗಣಿಯ ಬೆಲೆಯಲ್ಲ, ಹೊತ್ತು ತಂದ ಶ್ರಮದ ಬೆಲೆ. ಏಕೆಂದರೆ ಸಗಣಿ ಮನೆಯವರದಾಗಿಯೇ ಉಳಿಯುತ್ತಿತ್ತು. ಅನಿಲ ಬಿಟ್ಟುಕೊಟ್ಟ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಇಳಿದ ನೀರನ್ನು ಮತ್ತೆ ಸಗಣಿ ಕದಡಲು ಬಳಸಿ, ಉಳಿದ ಗೊಬ್ಬರವನ್ನು ಯಾರು ಎಷ್ಟು ಸಗಣಿ ತಂದಿದ್ದರೋ ಅದಕ್ಕೆ ತಕ್ಕಷ್ಟು ಅವರವರಿಗೆ ಹಿಂದಿರುಗಿಸಲಾಗುತ್ತಿತ್ತು. ಗಾಳಿ ಸೇರದಂತೆ ಕೊಳೆತ ಸಗಣಿಯಲ್ಲಿ ಸಾರಜನಕ ಬಹುಮಟ್ಟಿಗೆ ಉಳಿಯುತ್ತದೆ. ಬಯಲಿನ ತಿಪ್ಪೆಯಲ್ಲಿ ಬಿಸಿಲು ಮಳೆಗೆ ಅದರ ಒಂದು ಪಾಲು ಹಾರಿಯೋ ಹರಿದೋ ಹೋಗುತ್ತದೆ. ಹೀಗಾಗಿ ಹೊಲಕ್ಕೆ ನಷ್ಟವಾಗಲಿಲ್ಲ, ಲಾಭವೇ ಆಯಿತು. ದನದಿಂದ ಸಗಣಿ, ಸಗಣಿಯಿಂದ ಗೊಬ್ಬರ ಎಂಬ ಹಳೆಯ ದಾರಿಯ ನಡುವೆ ಒಂದು ತಂಗುದಾಣ ಕಟ್ಟಿ, ಅಲ್ಲಿ ಅನಿಲವನ್ನಷ್ಟೇ ಇಳಿಸಿಕೊಂಡು ಉಳಿದದ್ದನ್ನು ಮನೆಗೆ ಕಳುಹಿಸಿದಂತಾಯಿತು. ಕೊಟ್ಟಿಗೆಯ ಸಗಣಿಯ ಖಾಸಗಿ ಹಕ್ಕಿಗೆ ಧಕ್ಕೆ ಬರಲಿಲ್ಲ.

ಈ ಲೆಕ್ಕವನ್ನು ಆಧುನಿಕ ಆಡಳಿತದ ಕೊಡುಗೆಯೆಂದು ಮಾತ್ರ ಓದುವುದು ಸರಿಯಲ್ಲ. ಕಿಲೋಗೆ 2 ಪೈಸೆಯ ಹಿಂದೆ ಕುರಿಮಂದೆಗೆ ಅಳೆದುಕೊಟ್ಟ ಕಾಳಿನ ಪರಂಪರೆಯಿದೆ. ದಿನಾ ಸ್ಥಾವರ ನೋಡಿಕೊಂಡು, ಪಂಪು ಹಾಕಿ, ಎಲ್ಲ ಬೀದಿಗೂ ಸರದಿಯಂತೆ ನೀರು ಬಿಡಲು ಸಂಬಳದ ಮೇಲೆ ನೇಮಕಗೊಂಡ ಗ್ರಾಮದ ಯುವಕರು, ಆಯಗಾರರ ಸಾಲಿನಲ್ಲಿ ಕೆರೆಯ ತೂಬು ಕಾಯುತ್ತಿದ್ದ ನೀರಗಂಟಿಯ ವಾರಸುದಾರರು. ನೀರಗಂಟಿಗೆ ಕಣದಲ್ಲಿ ಆಯ ಕೊಡದವನ ಗದ್ದೆಗೆ ನೀರು ತಡವಾಗುತ್ತಿದ್ದಂತೆ, ಇಲ್ಲಿಯೂ ದೀಪದ ಮತ್ತು ನೀರಿನ ಹಣ ಕೊಡದಿದ್ದರೆ ವ್ಯವಸ್ಥೆ ನಿಲ್ಲುವಂತಿತ್ತು. ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿದ್ವಾಂಸ 1968ರಲ್ಲಿ, ಎಲ್ಲರ ಸೊತ್ತು ಯಾರೂ ಕಾಯದೆ ಹಾಳಾಗುತ್ತದೆಂದು ವಾದಿಸಿದ್ದ. ಅದಕ್ಕೆ ಉತ್ತರವಾಗಿ ರೆಡ್ಡಿಯವರು 1990ರ ದಶಕದಲ್ಲಿ ಪುರದ ಉದಾಹರಣೆಯನ್ನೇ ಮುಂದಿಟ್ಟು ಪ್ರಬಂಧ ಬರೆದರು. ಸಾಮುದಾಯಿಕ ಸೊತ್ತನ್ನು ಕೆಡಿಸುವುದರಿಂದ ಒಬ್ಬನಿಗಾಗುವ ನಷ್ಟ ಅವನಿಗೆ ಬರುವ ಲಾಭಕ್ಕಿಂತ ಹೆಚ್ಚಾದರೆ ಸೊತ್ತು ಉಳಿಯುತ್ತದೆ ಎಂಬುದು ಅದರ ತಿರುಳು. ನಲ್ಲಿ ನಿಂತರೆ ಎಲ್ಲರೂ ಹಳೆಯ ದಾರಿಯಲ್ಲಿ ಕೊಡ ಹೊರಬೇಕು. ಆ ಕೊಡ ಹೊರುವವರು ಹೆಂಗಸರಾದ್ದರಿಂದ ಹಣ ಕಟ್ಟುವಂತೆ ಮನೆಯೊಳಗಿನಿಂದಲೇ ಒತ್ತಾಯ ಹುಟ್ಟುತ್ತಿತ್ತು. ದನವಿಲ್ಲದ ಮನೆಯವರಿಗೂ ಶುಲ್ಕದ ಮೇಲೆ ದೀಪ, ಬೀದಿಯಲ್ಲಿ ನೀರು ಸಿಕ್ಕಿತು. ಬಯಲಿನ ಸಗಣಿಯ ಹಕ್ಕು ಕಳೆದುಕೊಳ್ಳುವವರಿಗೆ ಬದಲಿಗೆ ಏನಾದರೂ ದೊರೆತ ಕೆಲವೇ ಪ್ರಯೋಗಗಳಲ್ಲಿ ಇದು ಒಂದು.

ರೆಡ್ಡಿಯವರ ವಿದ್ವತ್ತಿನ ಇನ್ನೊಂದು ಮುಖವನ್ನು ಇಲ್ಲಿ ಹೇಳಬೇಕು. ಅವರು ಮೂಲತಃ ವಿದ್ಯುದ್ರಸಾಯನ ಶಾಸ್ತ್ರಜ್ಞರು. ಬಾಕ್ರಿಸ್ ಅವರೊಡನೆ ಬರೆದು 1970ರಲ್ಲಿ ಪ್ರಕಟಿಸಿದ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’ ಆ ಶಾಸ್ತ್ರದ ಪ್ರಮುಖ ಪಠ್ಯಗ್ರಂಥಗಳಲ್ಲಿ ಒಂದು. ಇಂಧನ ಕೋಶ, ಅಂದರೆ ಅನಿಲವನ್ನು ಉರಿಸದೆಯೇ ರಾಸಾಯನಿಕ ಕ್ರಿಯೆಯಿಂದ ನೇರವಾಗಿ ವಿದ್ಯುತ್ತಾಗಿಸುವ ಸಾಧನ, ಆ ಶಾಸ್ತ್ರದ್ದೇ ಕೂಸು. ಅದನ್ನು ಬಲ್ಲ ವಿಜ್ಞಾನಿ ಪುರಕ್ಕೆ ತಂದದ್ದು ಡೀಸೆಲ್ ಎಂಜಿನ್ನನ್ನು. ಎಂಬತ್ತರ ದಶಕದಲ್ಲಿ ಬೇರೆ ಆಯ್ಕೆ ಕೈಗೆಟುಕುವಂತಿರಲಿಲ್ಲವೆಂಬುದು ನಿಜ. ಆದರೆ ಡೀಸೆಲ್ ಎಂಜಿನ್ನು ಕುಣಿಗಲ್ಲಿನ ಪೇಟೆಯಲ್ಲಿ ರಿಪೇರಿಯಾಗುವ ವಸ್ತು, ನೀರಾವರಿ ಪಂಪಿನಿಂದಾಗಿ ರೈತರ ಕೈಗೆ ಪಳಗಿದ ವಸ್ತು ಎಂಬುದೂ ಅಷ್ಟೇ ನಿಜ.

ಇಂಧನ ಕೋಶದ ತತ್ತ್ವವನ್ನು ವಿಲಿಯಂ ಗ್ರೋವ್ ಎಂಬಾತ 1839ರಲ್ಲಿಯೇ ತೋರಿಸಿದ್ದ. ಅದು ನಿಜವಾಗಿ ಕೆಲಸಕ್ಕೆ ಬಂದದ್ದು 1960ರ ದಶಕದ ಅಮೆರಿಕದ ಬಾಹ್ಯಾಕಾಶ ನೌಕೆಗಳಲ್ಲಿ. ಜೈವಿಕ ಅನಿಲದಲ್ಲಿ ಶೇಕಡಾ 55ರಿಂದ 65ರಷ್ಟು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್, ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪ. ಹೆಚ್ಚಿನ ಉಷ್ಣತೆಯಲ್ಲಿ ಕೆಲಸ ಮಾಡುವ ಕೋಶಗಳಲ್ಲಿ ಮೀಥೇನ್ ನೀರಾವಿಯೊಡನೆ ವರ್ತಿಸಿ ಹೈಡ್ರೋಜನ್ ಮತ್ತು ಇಂಗಾಲದ ಮೊನಾಕ್ಸೈಡ್ ಆಗಿ ಒಡೆಯುತ್ತದೆ. ಇವು ಆಮ್ಲಜನಕದೊಡನೆ ಕೂಡುವಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳು ತಂತಿಯಲ್ಲಿ ಹರಿಯುತ್ತವೆ. ಪಿಸ್ಟನ್ನಿಲ್ಲ, ಸದ್ದಿಲ್ಲ. ಸಣ್ಣ ಎಂಜಿನ್ನು ಅನಿಲದ ಶಕ್ತಿಯಲ್ಲಿ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗವನ್ನಷ್ಟೇ ವಿದ್ಯುತ್ತಾಗಿಸಿದರೆ, ಇಂಥ ಕೋಶ ಅರ್ಧದ ಹತ್ತಿರಕ್ಕೆ ಹೋಗಬಲ್ಲದು. ಗಾತ್ರ ಕಿರಿದಾದರೂ ಅದರ ದಕ್ಷತೆ ಎಂಜಿನ್ನಿನಷ್ಟು ಕುಸಿಯುವುದಿಲ್ಲವೆಂಬುದು ಹಳ್ಳಿಯ ಮಟ್ಟಿಗೆ ದೊಡ್ಡ ಮಾತು. ಮೇಲೆ ಹೇಳಿದ ಒಂದೂವರೆ ಘನ ಮೀಟರ್ ಅನಿಲದಿಂದ ಇಪ್ಪತ್ತರ ಬದಲು ನಲವತ್ತು ಮನೆಗಳಿಗೆ ದೀಪ ಕೊಡಬಹುದು. ಅಥವಾ ಅರ್ಧ ಸಗಣಿಯಲ್ಲಿ ಅಷ್ಟೇ ದೀಪ. ದನಗಳ ಸಂಖ್ಯೆ ಇಳಿಯುತ್ತಿರುವ ಕಾಲದಲ್ಲಿ ಎರಡನೆಯದು ಹೆಚ್ಚು ಮಹತ್ವದ್ದು.

ಇದರ ಇನ್ನೊಂದು ಮಗ್ಗುಲೂ ಇದೆ. ಹೈಡ್ರೋಜನ್ ಸಲ್ಫೈಡ್ ಎಂಜಿನ್ನನ್ನು ನಿಧಾನವಾಗಿ ತಿಂದರೆ ಕೋಶದ ನಿಕ್ಕಲ್ಲನ್ನು ಬಹು ಬೇಗ ಕೆಡಿಸುತ್ತದೆ. ಅನಿಲವನ್ನು ತುಕ್ಕು ಹಿಡಿದ ಕಬ್ಬಿಣದ ಚೂರಿನ ಮೂಲಕ ಹಾಯಿಸಿ ಗಂಧಕವನ್ನು ಹಿಡಿಯುವುದು ಹಳೆಯ ಉಪಾಯ. ಕೋಶಕ್ಕೆ ಅದಕ್ಕಿಂತ ಬಹಳ ಹೆಚ್ಚಿನ ಶುದ್ಧಿ ಬೇಕು. ಬೆಲೆ ದುಬಾರಿ. ಕೆಟ್ಟರೆ ಪೇಟೆಯ ಮೆಕ್ಯಾನಿಕ್ಕಿನ ಕೈಯಲ್ಲಿ ಆಗುವ ಕೆಲಸವಲ್ಲ. ಅಮೆರಿಕದ ವಯೋಮಿಂಗ್ ಪ್ರಾಂತದ ಶೆಯೆನ್ ನಗರದಲ್ಲಿ 2014ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಚರಂಡಿ ನೀರಿನ ಶುದ್ಧೀಕರಣ ಘಟಕದ ಅನಿಲದಿಂದ ನಡೆಯುವ 300 ಕಿಲೋವ್ಯಾಟಿನ ಇಂಧನ ಕೋಶವನ್ನು ಪ್ರಯೋಗಾರ್ಥವಾಗಿ ಆರಂಭಿಸಿ ತನ್ನ ಕಂಪ್ಯೂಟರುಗಳಿಗೆ ವಿದ್ಯುತ್ತು ಪಡೆಯಿತು. ಪುರದ ಎಂಜಿನ್ನಿನ ಅರವತ್ತು ಪಟ್ಟು ಶಕ್ತಿ. ಅಲ್ಲಿ ಕಚ್ಚಾವಸ್ತು ಯಾರದೆಂಬ ಪ್ರಶ್ನೆಯೇ ಏಳಲಿಲ್ಲ; ನಗರದ ಚರಂಡಿ ಅದಾಗಲೇ ನಗರಸಭೆಯ ಕೈಯಲ್ಲಿತ್ತು.

ಅದೇ 2014ರ ಕೊನೆಗೆ ಬೆಂಗಳೂರಿನ ಕಸವನ್ನು ಮಂಡೂರಿಗೆ ಸುರಿಯುವುದು ನಿಂತಿತು. ವರ್ಷಗಟ್ಟಲೆ ದುರ್ವಾಸನೆ, ಕೆಟ್ಟ ನೀರು, ರೋಗರುಜಿನಗಳನ್ನು ಅನುಭವಿಸಿದ ಗ್ರಾಮಸ್ಥರು ಲಾರಿಗಳನ್ನು ತಡೆದು ಹೋರಾಡಿದ ಫಲವಿದು. ನಗರದ ಕಸವನ್ನು ನಿಜವಾದ ಅರ್ಥದಲ್ಲಿ ತ್ಯಾಜ್ಯವೆನ್ನಬಹುದು: ಯಾರದೂ ಅಲ್ಲದ್ದು, ಹಸಿ ಒಣ ಭೇದವಿಲ್ಲದೆ ಬೆರೆತದ್ದು. ತನ್ನ ಹೊಲಕ್ಕೆ ಹೋಗಬೇಕಾದ ತಿಪ್ಪೆಗೆ ಯಾವ ರೈತನೂ ಗಾಜಿನ ಚೂರು ಹಾಕುವುದಿಲ್ಲ. ಮನೆಯಲ್ಲಿಯೇ ಕಸ ಬೇರ್ಪಡಿಸಿರೆಂದು ನ್ಯಾಯಾಲಯ ಹೇಳಬೇಕಾಗಿ ಬಂದದ್ದು ತಿಪ್ಪೆಯಿಲ್ಲದ ಊರಿನಲ್ಲಿ.

ಗಂಡಸಿ ಸೀಮೆಯ ಇಂದಿನ ಸ್ಥಿತಿಗೆ ಬಂದರೆ, ಉಳುವ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು, ನಾಟಿ ಹಸುವಿನ ಜಾಗಕ್ಕೆ ಸೀಮೆಹಸು ಬಂದಿವೆ. ದನಗಳ ಸಂಖ್ಯೆ ಕಡಿಮೆ, ಆದರೆ ಅವು ಕೊಟ್ಟಿಗೆಯಲ್ಲಿಯೇ ನಿಲ್ಲುವುದರಿಂದ ಪ್ರತಿ ದನದ ಸಗಣಿ ಹೆಚ್ಚು. ಮೇವು ಹಿಂಡಿಯ ಬಲದಿಂದ ಒಂದು ಸೀಮೆಹಸು ನಾಟಿ ಹಸುವಿನ ಎರಡರಷ್ಟನ್ನಾದರೂ ಹಾಕುತ್ತದೆ. ಬಯಲಿನ ಸಗಣಿ ಹೆಚ್ಚು ಕಡಿಮೆ ಇಲ್ಲವಾಗಿದೆ, ಅದರೊಡನೆ ಅದರ ಹಕ್ಕೂ ಇಲ್ಲವಾಗಿದೆ. ತೆಂಗಿನ ಮಟ್ಟೆ, ಕರಟ, ಗರಿಗಳು ಸಾಕಷ್ಟಿರುವ ಈ ಭಾಗದಲ್ಲಿ ಬೆರಣಿಯ ಅವಲಂಬನೆ ಬಯಲುಸೀಮೆಯ ಉಳಿದೆಡೆಯಷ್ಟು ಇರಲಿಲ್ಲ. ಸಿಲಿಂಡರ್ ಬಂದ ಮೇಲೆ ಅದೂ ಹಬ್ಬದ, ನೀರೊಲೆಯ ಮಟ್ಟಕ್ಕೆ ಇಳಿದಿದೆ.

ಆದರೆ ಪುರದಲ್ಲಿ ಇಲ್ಲದಿದ್ದ ಒಂದು ಅನುಕೂಲ ಇಲ್ಲಿದೆ. ಎಪ್ಪತ್ತರ ದಶಕದಿಂದ ಈಚೆಗೆ ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಬೇರೂರಿದ ಹಾಲು ಉತ್ಪಾದಕರ ಸಹಕಾರ ಸಂಘಗಳು, ಜನರ ಮಾತಿನ ‘ಡೇರಿ’, ದಿನಕ್ಕೆ ಎರಡು ಹೊತ್ತು ಪ್ರತಿ ಮನೆಯ ಹಾಲನ್ನು ಅಳೆದು, ಗುಣ ನೋಡಿ, ಪುಸ್ತಕದಲ್ಲಿ ಬರೆದು ಬಟವಾಡೆ ಮಾಡುವ ಶಿಸ್ತನ್ನು ಕಲಿಸಿವೆ. ಪುರದ ತಕ್ಕಡಿ ಮಾಡಿದ್ದೂ ಇದನ್ನೇ. ಒಂದು ಡೇರಿಗೆ ಹಾಲು ಹಾಕುವ ನೂರು ಸೀಮೆಹಸುಗಳಿಂದ ತಲಾ 15 ಕಿಲೋ ಸಗಣಿ ಬಂದರೂ ದಿನಕ್ಕೆ 60 ಘನ ಮೀಟರ್ ಅನಿಲವಾಗುತ್ತದೆ. ಎಂಜಿನ್ನಿನಿಂದ 75 ಯೂನಿಟ್ಟಿನ ಸುಮಾರು, ಇಂಧನ ಕೋಶದಿಂದ ಅದರ ಎರಡರಷ್ಟು. ಹಾಲು ತಣ್ಣಗಿಡುವ ಯಂತ್ರಕ್ಕೂ, ನೀರಿನ ಪಂಪಿಗೂ, ಬೀದಿ ದೀಪಕ್ಕೂ ಒದಗುವಷ್ಟು. ಈ ಲೆಕ್ಕ ಸುಲಭ. ಹಾಲು ಡೇರಿಗೆ ಹೋದರೆ ಮನೆಗೆ ಹಿಂದಿರುಗಬೇಕಾಗಿಲ್ಲ, ಸಗಣಿ ಹಿಂದಿರುಗಬೇಕು. ವ್ಯತ್ಯಾಸ ಅಷ್ಟೇ, ಆದರೆ ಮುಖ್ಯವಾದದ್ದು. ತೆಂಗಿನ ಬುಡಕ್ಕೆ ಗೊಬ್ಬರ ಹಾಕುವ ಕಾಲಕ್ಕೆ ಯಾವ ಮನೆಗೆ ಎಷ್ಟು ಗಾಡಿ ಎಂಬುದು ಬರೆದಿರದಿದ್ದರೆ ಮೊದಲ ಮಳೆಗೇ ಸಂಘ ಒಡೆಯುತ್ತದೆ.

ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ‘ಗೋಬರ್‌ಧನ್’ ಯೋಜನೆಯ ಹೆಸರಿನಲ್ಲಿಯೇ ಸಗಣಿ ಧನವೆಂಬ ಮಾತಿದೆ. ಅದರ ಅಡಿಯಲ್ಲಿ ಬರುವ ದೊಡ್ಡ ಸ್ಥಾವರಗಳು ಅನಿಲವನ್ನು ಶುದ್ಧೀಕರಿಸಿ ಒತ್ತಿ ತುಂಬಿ ಮಾರುತ್ತವೆ; ಉಳಿದ ಬಗ್ಗಡ ಸಾವಯವ ಗೊಬ್ಬರವೆಂಬ ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುತ್ತದೆ. ಆ ಮಾರಾಟಕ್ಕೆ ಉತ್ತೇಜನವಾಗಿ ಟನ್ನಿಗೆ 1,500 ರೂಪಾಯಿ, ಅಂದರೆ ಕಿಲೋಗೆ ಒಂದೂವರೆ ರೂಪಾಯಿ ನೆರವನ್ನು 2023ರಲ್ಲಿ ಮಂಜೂರು ಮಾಡಲಾಯಿತು. ಪುರದ 2 ಪೈಸೆಗೆ ಹೋಲಿಸಿದರೆ ದೊಡ್ಡ ಮೊತ್ತವೇ. ಅದು ಗೊಬ್ಬರವನ್ನು ತಯಾರಿಸಿ ಮಾರುವವರ ಕಡೆಗೆ ಹೋಗುವ ಹಣ. ಸಗಣಿ ಕಳುಹಿಸಿದ ಕೊಟ್ಟಿಗೆಗೆ ಎಷ್ಟು ಗೊಬ್ಬರ ಮರಳಬೇಕೆಂಬ ಪುರದ ಲೆಕ್ಕಕ್ಕೆ ಅದರಲ್ಲಿ ಕಾಲಂ ಇಲ್ಲ.